ಮಂಡಿಯೊಳಗಿನ ಕೋಶಗಳು ಭಾರವನ್ನು ಅರಿಯುವುದು ಹೇಗೆ?

ನಮ್ಮ ವರದಿಗಾರರಿಂದ

‘ಮಂಡಿ ಸವೆದುಹೋಗಿದೆ, ಇನ್ನು ಮೇಲೆ ಹೆಚ್ಚು ನಡೆಯಬೇಡಿ’. ಐವತ್ತು ದಾಟಿದವರಿರುವ ಮನೆಗಳಲ್ಲಿ ಒಮ್ಮೆಯಾದರೂ ಕೇಳಿಬರುವ ಮಾತಿದು. ಬಂಧುಗಳು ಹೇಳದಿದ್ದರೆ ನೆರೆಯವರು ಹೇಳುತ್ತಾರೆ. ಮಾತಿನ ಹಿಂದಿರುವ ತರ್ಕವೂ ಸರಳವಾಗಿಯೇ ಇದೆ. ಮಂಡಿಯೊಳಗಿನ ಮೃದ್ವಸ್ಥಿಯು ಗಾಡಿಯ ಟೈರಿನಂತೆ. ಎಷ್ಟು ಓಡಿಸಿದರೆ ಅಷ್ಟು ಸವೆತ. ಉಳಿಸಿಕೊಳ್ಳಬೇಕಾದರೆ ಓಡಿಸುವುದನ್ನು ನಿಲ್ಲಿಸಬೇಕು. ಈ ಮಾತನ್ನು ನಂಬಿ ಸಂಜೆಯ ನಡಿಗೆಯನ್ನು ಬಿಟ್ಟವರು, ಮಹಡಿ ಹತ್ತುವುದನ್ನು ತ್ಯಜಿಸಿದವರು ನಮ್ಮ ನಡುವೆ ಅನೇಕರಿದ್ದಾರೆ.

ಈ ತರ್ಕ ಪೂರ್ತಿಯಾಗಿ ಸರಿಯಾಗಿದ್ದಲ್ಲಿ, ಕಾಲಿನ ಮೇಲೆ ಭಾರವನ್ನೇ ಹಾಕದವರ ಮಂಡಿಗಳು ಎಲ್ಲರಿಗಿಂತ ಸುಸ್ಥಿತಿಯಲ್ಲಿರಬೇಕಿತ್ತು. ವಾಸ್ತವ ಅದಕ್ಕೆ ವಿರುದ್ಧವಾಗಿದೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡ ರೋಗಿಗಳ ಮಂಡಿಗಳನ್ನು ಯುರೋಪಿನ ಸಂಶೋಧಕರ ತಂಡವೊಂದು ಎಂಆರ್‌ಐ ಯಂತ್ರದ ನೆರವಿನಿಂದ ಕಾಲಕಾಲಕ್ಕೆ ಅಳೆಯಿತು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಒಂದೇ ವರ್ಷದಲ್ಲಿ ಅವರ ಮಂಡಿಯ ಮೃದ್ವಸ್ಥಿಯ ದಪ್ಪ ಸುಮಾರು ಶೇ. 10ರಷ್ಟು ಕಡಿಮೆಯಾಗಿತ್ತು. ನಡೆಯಲಿಲ್ಲ, ಓಡಲಿಲ್ಲ, ಮೆಟ್ಟಿಲು ಹತ್ತಲಿಲ್ಲ. ಆದರೂ ಮೃದ್ವಸ್ಥಿ ತೆಳುವಾಯಿತು.

ಟೈರು ನಿಲ್ಲಿಸಿದ ಗಾಡಿಯಲ್ಲಿ ಹೀಗೆ ತೆಳುವಾಗುವುದಿಲ್ಲ. ಮೃದ್ವಸ್ಥಿ ತೆಳುವಾಗುತ್ತದೆ, ಏಕೆಂದರೆ ಅದರೊಳಗೆ ಜೀವಂತ ಕೋಶಗಳಿವೆ. ತಮ್ಮ ಮೇಲೆ ಬೀಳುವ ಭಾರವನ್ನು ಆ ಕೋಶಗಳು ಅರಿಯುತ್ತವೆ, ಅಳೆಯುತ್ತವೆ ಮತ್ತು ಅದಕ್ಕೆ ತಕ್ಕಂತೆ ಸುತ್ತಲಿನ ಅಂಗಾಂಶವನ್ನು ಕಟ್ಟುತ್ತವೆ ಇಲ್ಲವೇ ಕೆಡವುತ್ತವೆ. ಈ ಅರಿವಿನ ಬಗೆ ಹೇಗೆ ಎಂಬುದನ್ನು ವಿಜ್ಞಾನಿಗಳು ಕಳೆದ ಕೆಲವು ದಶಕಗಳಲ್ಲಿ ಹಂತಹಂತವಾಗಿ ಬಿಡಿಸಿದ್ದಾರೆ.

ರಕ್ತವಿಲ್ಲ, ನರವೂ ಇಲ್ಲ

ಎರಡು ಮೂಳೆಗಳು ಸೇರುವ ಕೀಲಿನಲ್ಲಿ, ಮೂಳೆಯ ತುದಿಗಳನ್ನು ಮುಚ್ಚಿರುವ ನುಣುಪಾದ ಬಿಳಿಯ ಪದರವೇ ಮೃದ್ವಸ್ಥಿ. ಮನುಷ್ಯನ ದೊಡ್ಡ ಕೀಲುಗಳಲ್ಲಿ ಇದರ ದಪ್ಪ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಮಾತ್ರ. ಇದರಲ್ಲಿ ರಕ್ತನಾಳಗಳಿಲ್ಲ, ನರತಂತುಗಳಿಲ್ಲ. ತೂಕದಲ್ಲಿ ಶೇ. 65ರಿಂದ 80ರಷ್ಟು ಬರೀ ನೀರು. ಉಳಿದ ಭಾಗದಲ್ಲಿ ಹೆಚ್ಚಿನದು ಕೊಲ್ಯಾಜೆನ್ ಎಂಬ ಪ್ರೋಟೀನಿನ ಎಳೆಗಳು ಹಾಗೂ ಅಗ್ರಿಕ್ಯಾನ್ ಎಂಬ ಬೃಹತ್ ಅಣುಗಳು.

ಇವೆಲ್ಲವನ್ನೂ ತಯಾರಿಸುವುದು ಕಾಂಡ್ರೊಸೈಟ್ ಎಂದು ಕರೆಯಲಾಗುವ ಮೃದ್ವಸ್ಥಿ ಕೋಶಗಳು. ಅಂಗಾಂಶದ ಒಟ್ಟು ಗಾತ್ರದಲ್ಲಿ ಅವುಗಳ ಪಾಲು ಶೇ. 1ರಿಂದ 2ರಷ್ಟಿರಬಹುದು. ದೊಡ್ಡ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ಮನೆ ಇದ್ದಂತೆ, ಒಂದು ಕೋಶಕ್ಕೂ ಇನ್ನೊಂದಕ್ಕೂ ನೇರ ಸಂಪರ್ಕವೇ ಇರುವುದಿಲ್ಲ. ನರಗಳಿಲ್ಲದ ಕಾರಣ ಮಿದುಳಿನಿಂದ ಅವಕ್ಕೆ ಆದೇಶ ಬರುವುದಿಲ್ಲ. ರಕ್ತನಾಳಗಳಿಲ್ಲದ ಕಾರಣ ರಕ್ತದ ಮೂಲಕ ನೇರವಾಗಿ ಆಹಾರವೂ ಬರುವುದಿಲ್ಲ. ಕೀಲಿನಲ್ಲಿರುವ ದ್ರವದಿಂದ ಸಣ್ಣ ಅಣುಗಳು ತಾವಾಗಿಯೇ ಒಳಕ್ಕೆ ಹರಡಿಕೊಳ್ಳುತ್ತವೆ. ದೊಡ್ಡ ಅಣುಗಳ ಸಂಚಾರಕ್ಕೆ, ನಡೆಯುವಾಗ ಮೃದ್ವಸ್ಥಿ ಒತ್ತಿ ಬಿಡುವ ಕ್ರಿಯೆ ನೆರವಾಗುತ್ತದೆ.

ನರಗಳ ಈ ಗೈರುಹಾಜರಿಯ ಪರಿಣಾಮ ಸಾಮಾನ್ಯರಿಗೂ ಮುಖ್ಯವಾದುದು. ಮೃದ್ವಸ್ಥಿಗೆ ಹಾನಿಯಾಗುತ್ತಿದ್ದರೂ ಅದು ತಾನಾಗಿ ನೋಯುವುದಿಲ್ಲ. ಮಂಡಿನೋವು ಎಂದು ನಾವು ಅನುಭವಿಸುವುದು ಮೃದ್ವಸ್ಥಿಯ ಕೆಳಗಿನ ಮೂಳೆ, ಕೀಲಿನ ಒಳಪೊರೆ ಮುಂತಾದ ನೆರೆಯ ಅಂಗಾಂಶಗಳ ಕೂಗು. ಆ ಕೂಗು ಕೇಳಿಬರುವ ವೇಳೆಗೆ ಹಾನಿ ಸಾಕಷ್ಟು ಮುಂದುವರಿದಿರಬಹುದು.

ಕುರ್ಚಿಯಿಂದ ಏಳುವಾಗ 180 ವಾಯುಮಂಡಲ

ಈ ತೆಳು ಪದರದ ಮೇಲೆ ಬೀಳುವ ಒತ್ತಡ ಎಷ್ಟು? ಅಮೆರಿಕದ ಮಸಾಚುಸೆಟ್ಸ್‌ನ ಸಂಶೋಧಕರು ಒತ್ತಡ ಅಳೆಯುವ ಸೂಕ್ಷ್ಮ ಸಾಧನಗಳನ್ನು ಅಳವಡಿಸಿದ ಕೃತಕ ಸೊಂಟದ ಕೀಲೊಂದನ್ನು ರೋಗಿಯೊಬ್ಬರಿಗೆ ಜೋಡಿಸಿ, ಅದರಿಂದ ಬಂದ ಅಳತೆಗಳನ್ನು 1986ರಲ್ಲಿ ಪ್ರಕಟಿಸಿದರು. ಕುರ್ಚಿಯಿಂದ ಮೇಲೇಳುವ ಕ್ಷಣದಲ್ಲಿ ಒತ್ತಡವು 18 ಮೆಗಾಪ್ಯಾಸ್ಕಲ್‌ವರೆಗೆ ಏರಿತ್ತು. ಇದು ವಾತಾವರಣದ ಒತ್ತಡದ ಸುಮಾರು 180 ಪಟ್ಟು. ಕಾರಿನ ಟೈರಿನಲ್ಲಿ ತುಂಬುವ ಗಾಳಿಯ ಒತ್ತಡದ ಸುಮಾರು 80 ಪಟ್ಟು.

ಮಂಡಿಯ ವಿಷಯದಲ್ಲಿ ಬರ್ಲಿನ್‌ನ ತಂಡವೊಂದು ಇಂಥದೇ ಉಪಕರಣಸಹಿತ ಕೃತಕ ಮಂಡಿಗಳನ್ನು ಹೊಂದಿದ್ದ ಐವರನ್ನು ಪರೀಕ್ಷಿಸಿ 2010ರಲ್ಲಿ ಲೆಕ್ಕ ನೀಡಿತು. ಸಮತಟ್ಟಾದ ನೆಲದ ಮೇಲೆ ನಡೆಯುವಾಗ ಮಂಡಿಯ ಮೇಲೆ ಬೀಳುವ ಬಲ ದೇಹತೂಕದ ಶೇ. 261ರಷ್ಟು, ಮೆಟ್ಟಿಲು ಹತ್ತುವಾಗ ಶೇ. 316ರಷ್ಟು, ಮೆಟ್ಟಿಲು ಇಳಿಯುವಾಗ ಶೇ. 346ರಷ್ಟು. ಅಂದರೆ 60 ಕಿಲೋ ತೂಕದ ವ್ಯಕ್ತಿ ಮಹಡಿಯಿಂದ ಕೆಳಗಿಳಿಯುವಾಗ ಪ್ರತಿ ಹೆಜ್ಜೆಗೂ ಒಂದು ಮಂಡಿ 200 ಕಿಲೋಗೂ ಹೆಚ್ಚು ಭಾರವನ್ನು ತಾಳಿಕೊಳ್ಳುತ್ತದೆ. ದೇಹತೂಕಕ್ಕಿಂತ ಇದು ಹೆಚ್ಚಾಗಲು ಕಾರಣ, ಕೀಲನ್ನು ಸ್ಥಿರವಾಗಿಡಲು ಸುತ್ತಲಿನ ಸ್ನಾಯುಗಳು ಎರಡೂ ಮೂಳೆಗಳನ್ನು ಬಿಗಿಯಾಗಿ ಒತ್ತಿ ಹಿಡಿಯುವುದು.

ಇಷ್ಟು ಬಲವನ್ನು ಬಹುತೇಕ ನೀರಿನಿಂದಲೇ ಆದ ಪದರ ತಾಳುವುದು ಹೇಗೆ? ಇದರ ಗುಟ್ಟು ಆ ನೀರಿನಲ್ಲಿಯೇ ಇದೆ. ಅಗ್ರಿಕ್ಯಾನ್ ಅಣುಗಳು ಋಣ ವಿದ್ಯುದಂಶದಿಂದ ತುಂಬಿರುತ್ತವೆ. ಅವು ಸೋಡಿಯಂ ಮೊದಲಾದ ಧನ ಅಯಾನುಗಳನ್ನು ಸೆಳೆಯುತ್ತವೆ. ಅಯಾನುಗಳ ಬೆನ್ನಿಗೆ ನೀರು ಬರುತ್ತದೆ. ಹೀಗೆ ಉಬ್ಬಲು ಹವಣಿಸುವ ಅಂಗಾಂಶವನ್ನು ಕೊಲ್ಯಾಜೆನ್ ಎಳೆಗಳ ಬಲೆ ಬಿಗಿದು ಕಟ್ಟಿರುತ್ತದೆ. ಹೊರಗಿನಿಂದ ದಿಢೀರನೆ ಭಾರ ಬಿದ್ದಾಗ, ಕಿರಿದಾದ ರಂಧ್ರಗಳಲ್ಲಿ ಸಿಲುಕಿದ ನೀರು ತಕ್ಷಣ ಹೊರಗೆ ಓಡಲಾರದು. ಆ ನೀರಿನ ಒತ್ತಡವೇ ಆರಂಭದಲ್ಲಿ ಭಾರದ ಬಹುಪಾಲನ್ನು ಹೊರುತ್ತದೆ. ಭಾರ ಹಾಗೆಯೇ ನಿಂತರೆ ಮಾತ್ರ ನೀರು ನಿಧಾನವಾಗಿ ಹೊರಸರಿದು, ಹೊರೆಯು ಎಳೆಗಳ ಮೇಲೆ ಬೀಳುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿದ್ದ ವಾನ್ ಮೋ ಮತ್ತು ಸಂಗಡಿಗರು 1980ರಲ್ಲಿ ಈ ವರ್ತನೆಗೆ ಗಣಿತದ ಚೌಕಟ್ಟು ನೀಡಿದರು.

ಶಾಲೆಯಲ್ಲಿ ಬಸ್ಕಿ ಹೊಡೆದವರಿಗೆ ಇದರ ಅನುಭವ ತಿಳಿಯದೆಯೇ ಆಗಿದೆ. ಹತ್ತಾರು ಬಸ್ಕಿ ಹೊಡೆದ ನಂತರ ಮಂಡಿಚಿಪ್ಪಿನ ಮೃದ್ವಸ್ಥಿಯ ಗಾತ್ರ ಸುಮಾರು ಶೇ. 6ರಷ್ಟು ಕುಗ್ಗುವುದನ್ನು ಎಂಆರ್‌ಐ ಅಧ್ಯಯನಗಳು ತೋರಿಸಿವೆ. ಹೊರಹೋದ ನೀರು ಮರಳಿ ಬಂದು ಪೂರ್ವಸ್ಥಿತಿಗೆ ತಲುಪಲು ಒಂದೂವರೆ ಗಂಟೆಗೂ ಹೆಚ್ಚು ಸಮಯ ಹಿಡಿಯುತ್ತದೆ.

ಒತ್ತಿದರೆ ತೆರೆಯುವ ಬಾಗಿಲು

ಹೊರಗಿನ ಭಾರ ಕೋಶವನ್ನು ತಲುಪುವಾಗ ಹಲವು ರೂಪ ತಾಳಿರುತ್ತದೆ. ಕೋಶ ಸ್ವಲ್ಪ ಚಪ್ಪಟೆಯಾಗುತ್ತದೆ. ಸುತ್ತಲಿನ ದ್ರವದ ಒತ್ತಡ ಏರುತ್ತದೆ. ನೀರು ಹೊರಸರಿದಾಗ ಲವಣದ ಸಾಂದ್ರತೆ ಬದಲಾಗುತ್ತದೆ. ಈ ಸಂದೇಶಗಳನ್ನೆಲ್ಲ ಓದಲು ಕೋಶದ ಬಳಿ ಒಂದೇ ಉಪಕರಣವಿಲ್ಲ, ಹಲವು ಇವೆ.

ಅವುಗಳಲ್ಲಿ ಹೆಚ್ಚು ಹೆಸರಾದುದು ಪೀಜೊ. ಇದರ ಶೋಧದ ಕಥೆ ತಾಳ್ಮೆಯ ಕಥೆಯೂ ಹೌದು. ಲೆಬನಾನಿನ ಬೈರೂತ್‌ನಲ್ಲಿ ಜನಿಸಿ ಅಮೆರಿಕಕ್ಕೆ ವಲಸೆ ಹೋದ ಆರ್ಡೆಮ್ ಪಟಪೂಟಿಯನ್ ಮತ್ತು ಅವರ ಸಹೋದ್ಯೋಗಿ ಬರ್ಟ್ರಾಂಡ್ ಕಾಸ್ಟ್, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಸೂಕ್ಷ್ಮ ನಳಿಕೆಯಿಂದ ಚುಚ್ಚಿದರೆ ವಿದ್ಯುತ್ ಸಂಕೇತ ಹೊಮ್ಮಿಸುವ ಒಂದು ಬಗೆಯ ಕೋಶವನ್ನು ಗುರುತಿಸಿದರು. ಆ ಸಂಕೇತಕ್ಕೆ ಕಾರಣವಾಗಿರಬಹುದಾದ 72 ವಂಶವಾಹಿಗಳ ಪಟ್ಟಿ ಮಾಡಿ, ಒಂದೊಂದನ್ನಾಗಿ ಸುಮ್ಮನಾಗಿಸುತ್ತ ಹೋದರು. ಪಟ್ಟಿಯ ಕೊನೆಯದನ್ನು ಸುಮ್ಮನಾಗಿಸಿದಾಗ ಕೋಶವು ಚುಚ್ಚಿದರೂ ಪ್ರತಿಕ್ರಿಯಿಸಲಿಲ್ಲ. ಒತ್ತು ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಪೀಜೊ1 ಎಂದು ಹೆಸರಿಟ್ಟರು. ಅದರ ಸೋದರ ಪೀಜೊ2 ಕೂಡ ಪತ್ತೆಯಾಯಿತು. 2010ರಲ್ಲಿ ಪ್ರಕಟವಾದ ಈ ಶೋಧಕ್ಕಾಗಿ ಪಟಪೂಟಿಯನ್ ಅವರು 2021ರಲ್ಲಿ ಡೇವಿಡ್ ಜೂಲಿಯಸ್ ಅವರೊಂದಿಗೆ ವೈದ್ಯಕೀಯ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಪೀಜೊ ಎಂಬುದು ಕೋಶದ ಹೊರಪೊರೆಯಲ್ಲಿ ಹುದುಗಿರುವ ಪ್ರೋಟೀನ್ ಬಾಗಿಲು. ಮೇಲಿನಿಂದ ನೋಡಿದರೆ ಮೂರು ರೆಕ್ಕೆಗಳ ಫ್ಯಾನಿನಂತೆ ಕಾಣುತ್ತದೆ. ನಡುವೆ ಒಂದು ರಂಧ್ರ. ಪೊರೆ ಹಿಗ್ಗಿದಾಗ ಬಾಗಿದ ರೆಕ್ಕೆಗಳು ಚಪ್ಪಟೆಯಾಗಿ, ರಂಧ್ರ ತೆರೆದು, ಹೊರಗಿನ ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಕೋಶದ ಲೋಕದಲ್ಲಿ ಕ್ಯಾಲ್ಸಿಯಂ ಎಂದರೆ ಕರೆಗಂಟೆ. ಅದು ಬಾರಿಸಿದೊಡನೆ ಒಳಗಿನ ನೂರಾರು ಕೆಲಸಗಳು ಆರಂಭವಾಗುತ್ತವೆ ಇಲ್ಲವೇ ನಿಲ್ಲುತ್ತವೆ.

ಮೃದ್ವಸ್ಥಿ ಕೋಶಗಳಲ್ಲಿ ಪೀಜೊ1 ಮತ್ತು ಪೀಜೊ2 ಎರಡೂ ಇವೆ ಎಂಬುದನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫರ್ಶಿದ್ ಗಿಲಾಕ್, ವೋಲ್ಫ್‌ಗ್ಯಾಂಗ್ ಲೀಡ್ಕೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಹಂದಿಯ ಮೃದ್ವಸ್ಥಿ ಕೋಶಗಳನ್ನು ಒಂದೊಂದಾಗಿ ಬಲವಾಗಿ ಅದುಮಿದಾಗ ಎರಡೂ ಜೊತೆಗೂಡಿ ಕ್ಯಾಲ್ಸಿಯಂ ಪ್ರವಾಹವನ್ನು ಒಳಬಿಡುತ್ತಿದ್ದವು. ಟರಾಂಟುಲಾ ಜಾತಿಯ ಜೇಡದ ವಿಷದಲ್ಲಿರುವ ಒಂದು ಪೆಪ್ಟೈಡ್ ಈ ಬಾಗಿಲುಗಳನ್ನು ತಡೆಯಬಲ್ಲದು. ಅದನ್ನು ಬಳಸಿದಾಗ, ಪೆಟ್ಟು ತಿಂದ ಮೃದ್ವಸ್ಥಿಯಲ್ಲಿ ಸಾಯುವ ಕೋಶಗಳ ಸಂಖ್ಯೆ ತಗ್ಗಿತು. ಅಂದರೆ ಪೀಜೊ ಮುಖ್ಯವಾಗಿ ಅತಿಭಾರದ, ಅಪಾಯದ ಗಂಟೆ ಎಂಬ ಸೂಚನೆ ದೊರೆಯಿತು.

ದೈನಂದಿನ ಭಾರಕ್ಕೆ ಬೇರೊಂದು ಗಂಟೆ

ಹಾಗಾದರೆ ಸಾಮಾನ್ಯ ನಡಿಗೆಯ ಭಾರವನ್ನು ಅರಿಯುವುದು ಯಾವುದು? ಅದೇ 2014ರಲ್ಲಿ ಗಿಲಾಕ್ ಅವರ ಬಳಗ ಇನ್ನೊಂದು ಉತ್ತರ ಕೊಟ್ಟಿತು. ಟಿಆರ್‌ಪಿವಿ4 ಎಂಬ ಮತ್ತೊಂದು ಅಯಾನು ಬಾಗಿಲು ಮೃದ್ವಸ್ಥಿ ಕೋಶಗಳಲ್ಲಿ ಹೇರಳವಾಗಿದೆ. ಲವಣ ಸಾಂದ್ರತೆಯ ಏರಿಳಿತವನ್ನು ಅರಿಯುವ ಶಕ್ತಿ ಇದಕ್ಕಿದೆ. ಜೆಲ್‌ನಲ್ಲಿ ಹುದುಗಿಸಿದ ಕೋಶಗಳನ್ನು ಹಿತಮಿತವಾಗಿ ಒತ್ತಿ ಬಿಟ್ಟಾಗ ಅವು ಹೊಸ ಅಂಗಾಂಶ ಕಟ್ಟುವ ಕೆಲಸವನ್ನು ಚುರುಕುಗೊಳಿಸಿದವು. ಟಿಆರ್‌ಪಿವಿ4 ಅನ್ನು ಔಷಧದಿಂದ ತಡೆದಾಗ ಅದೇ ಒತ್ತಡಕ್ಕೆ ಆ ಉತ್ತರ ಬರಲಿಲ್ಲ. ಇನ್ನೂ ಕುತೂಹಲಕಾರಿ ಸಂಗತಿಯೆಂದರೆ, ಭಾರವನ್ನೇ ಹಾಕದೆ ಔಷಧದಿಂದ ಈ ಬಾಗಿಲನ್ನು ತೆರೆದಾಗಲೂ ಕೋಶಗಳು ಭಾರ ಬಿದ್ದಂತೆಯೇ ಕಟ್ಟುವ ಕೆಲಸಕ್ಕಿಳಿದವು.

ಮನುಷ್ಯರಲ್ಲಿ ಈ ಬಾಗಿಲಿನ ಮಹತ್ವಕ್ಕೆ ನಿದರ್ಶನವೂ ಇದೆ. ಟಿಆರ್‌ಪಿವಿ4 ವಂಶವಾಹಿಯ ದೋಷವು ಬೆನ್ನೆಲುಬಿನ ಬೆಳವಣಿಗೆಯನ್ನು ಕುಂಠಿತಗೊಳಿಸಿ ಕುಳ್ಳುತನಕ್ಕೆ ಕಾರಣವಾಗುವ ಒಂದು ಆನುವಂಶಿಕ ಕಾಯಿಲೆಯ ಹಿಂದಿದೆ ಎಂಬುದು 2008ರಲ್ಲಿ ದೃಢಪಟ್ಟಿತು.

ಇವೆರಡು ಬಾಗಿಲುಗಳಲ್ಲದೆ, ಪ್ರತಿ ಮೃದ್ವಸ್ಥಿ ಕೋಶದಿಂದ ಒಂದೇ ಒಂದು ಸೂಕ್ಷ್ಮ ರೋಮ ಹೊರಚಾಚಿರುತ್ತದೆ. ಆಂಟೆನಾದಂತಿರುವ ಈ ರೋಮವನ್ನು ಹೊಂದಿರದ ಇಲಿಯ ಕೋಶಗಳು, ಒತ್ತಿದಾಗ ಕ್ಯಾಲ್ಸಿಯಂ ಸಂಕೇತವನ್ನು ಸರಿಯಾಗಿ ಹೊಮ್ಮಿಸಲಾರವು ಎಂದು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ತಂಡ 2012ರಲ್ಲಿ ವರದಿ ಮಾಡಿತು. ಕೋಶದ ಸುತ್ತಲೂ ತೆಳುವಾದ ಒಂದು ವಿಶೇಷ ಕವಚವಿದ್ದು, ಅದರಲ್ಲಿ ಎಫ್‌ಜಿಎಫ್‌2 ಎಂಬ ಬೆಳವಣಿಗೆಯ ಅಂಶ ದಾಸ್ತಾನಾಗಿರುತ್ತದೆ. ಮೃದ್ವಸ್ಥಿಗೆ ಗಾಯವಾದರೆ ಈ ಅಂಶ ಬಿಡುಗಡೆಯಾಗಿ ಕೋಶವನ್ನು ಎಚ್ಚರಿಸುತ್ತದೆ ಎಂದು ಟೋನಿಯಾ ವಿನ್ಸೆಂಟ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದ್ದರು. ಒಟ್ಟಿನಲ್ಲಿ ನರವಿಲ್ಲದ ಅಂಗಾಂಶದಲ್ಲಿ ಪ್ರತಿ ಕೋಶವೂ ತನ್ನದೇ ಆದ ಸ್ಪರ್ಶೇಂದ್ರಿಯವನ್ನು ಹೊತ್ತುಕೊಂಡಿದೆ ಎನ್ನಬಹುದು.

ನಿಂತ ಭಾರ, ನಡೆವ ಭಾರ

ಕೋಶ ಕೊಡುವ ಉತ್ತರವು ಭಾರದ ಪ್ರಮಾಣವನ್ನಷ್ಟೇ ಅವಲಂಬಿಸಿಲ್ಲ, ಅದರ ಲಯವನ್ನೂ ಅವಲಂಬಿಸಿದೆ. ಅಮೆರಿಕದ ಎಂಐಟಿಯಲ್ಲಿ ಅಲನ್ ಗ್ರಾಡ್ಜಿನ್‌ಸ್ಕಿ ಅವರ ಪ್ರಯೋಗಾಲಯ 1989ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದ ಅಡಿಗಲ್ಲುಗಳಲ್ಲಿ ಒಂದು. ಕರುವಿನ ಮೃದ್ವಸ್ಥಿಯ ಚಿಕ್ಕ ಬಿಲ್ಲೆಗಳನ್ನು ಅದುಮಿ ಹಾಗೆಯೇ ಹಿಡಿದಾಗ ಕೋಶಗಳು ಹೊಸ ಅಂಗಾಂಶ ತಯಾರಿಸುವುದನ್ನು ಕಡಿಮೆ ಮಾಡಿದವು. ಅದೇ ಬಿಲ್ಲೆಗಳನ್ನು ಲಘುವಾಗಿ, ಲಯಬದ್ಧವಾಗಿ ಒತ್ತಿ ಬಿಟ್ಟಾಗ ತಯಾರಿಕೆ ಹೆಚ್ಚಿತು. ಸೆಕೆಂಡಿಗೆ ಒಂದು ಬಾರಿಯವರೆಗಿನ ವೇಗದಲ್ಲಿ ಈ ಪರಿಣಾಮ ಕಂಡುಬಂದಿತು. ಸಾಧಾರಣ ನಡಿಗೆಯಲ್ಲಿ ಒಂದು ಕಾಲು ನೆಲ ಮುಟ್ಟುವುದು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಬಾರಿ.

ನಿಂತ ಭಾರಕ್ಕೂ ನಡೆವ ಭಾರಕ್ಕೂ ಇರುವ ಈ ವ್ಯತ್ಯಾಸ ನಮ್ಮ ಬದುಕಿಗೆ ದೂರದ್ದಲ್ಲ. ಬೀಜಿಂಗ್‌ನ ಹಿರಿಯ ನಾಗರಿಕರನ್ನು ಕುರಿತ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. 25ರ ಹರೆಯದಲ್ಲಿ ದಿನಕ್ಕೆ ಅರ್ಧ ಗಂಟೆಗಿಂತ ಕಡಿಮೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದವರಿಗೆ ಹೋಲಿಸಿದರೆ, ಮೂರು ಗಂಟೆ ಅಥವಾ ಹೆಚ್ಚು ಕೂರುತ್ತಿದ್ದವರಲ್ಲಿ ಮಂಡಿಯ ಸಂಧಿವಾತ ಕಂಡುಬರುವ ಸಂಭವ ಇಮ್ಮಡಿ ಅಥವಾ ಅದಕ್ಕೂ ಮಿಗಿಲಾಗಿತ್ತು. ಗಮನಿಸಬೇಕಾದ ಅಂಶವೆಂದರೆ, ಗಂಡಸರಲ್ಲಿ ಎರಡು ಗಂಟೆಗಿಂತ ಕಡಿಮೆ ಕೂರುತ್ತಿದ್ದವರಿಗೆ ಇಂಥ ಅಪಾಯ ಕಾಣಲಿಲ್ಲ. ನೆಲದ ಮೇಲೆ ಕೂರುವುದೇ ದೋಷವೆಂದು ಇದರ ಅರ್ಥವಲ್ಲ. ತಾಸುಗಟ್ಟಲೆ ಅಲುಗದೆ ಕೂರುವ ದುಡಿಮೆಯ ಬೆಲೆ ಮಂಡಿಯ ಮೇಲೆ ಬೀಳಬಹುದು ಎಂದರ್ಥ.

ಮರಳಿ ಬಾರದ ಎಳೆಗಳು

ಮೃದ್ವಸ್ಥಿಗೆ ಒಮ್ಮೆ ಹಾನಿಯಾದರೆ ಅದು ಸರಿಹೋಗದು ಎಂದು ಸ್ಕಾಟ್ಲೆಂಡ್ ಮೂಲದ ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ್ದರು. ಹೀಗೇಕೆ ಎಂಬುದಕ್ಕೆ ಒಂದು ಉತ್ತರ ಸಿಕ್ಕಿದ್ದು ಪರಮಾಣು ಬಾಂಬುಗಳ ಕೃಪೆಯಿಂದ. 1950 ಮತ್ತು 60ರ ದಶಕಗಳ ಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14ರ ಪ್ರಮಾಣ ಏರಿ, ಬಳಿಕ ಇಳಿಯಿತು. ದೇಹದ ಒಂದು ಅಂಗಾಂಶ ಯಾವ ಕಾಲದಲ್ಲಿ ತಯಾರಾಯಿತು ಎಂಬುದನ್ನು ಅದರಲ್ಲಿರುವ ಕಾರ್ಬನ್-14ರಿಂದ ಲೆಕ್ಕ ಹಾಕಬಹುದು. ಡೆನ್ಮಾರ್ಕಿನ ಸಂಶೋಧಕರು 2016ರಲ್ಲಿ ಈ ವಿಧಾನದಿಂದ ಮಂಡಿಯ ಮೃದ್ವಸ್ಥಿಯನ್ನು ಪರೀಕ್ಷಿಸಿದಾಗ, ಕೊಲ್ಯಾಜೆನ್ ಎಳೆಗಳು ಬೆಳೆಯುವ ವಯಸ್ಸಿನಲ್ಲಿ ನೇಯ್ದವು ಮತ್ತು ನಂತರ ಹೆಚ್ಚುಕಡಿಮೆ ಬದಲಾಗಲೇ ಇಲ್ಲ ಎಂಬುದು ತಿಳಿದುಬಂತು.

ಅಗ್ರಿಕ್ಯಾನ್ ಅಣುಗಳ ಸ್ಥಿತಿ ಬೇರೆ. ಅವು ವರ್ಷಗಳ ಅವಧಿಯಲ್ಲಿ ಹಳತು ಹೋಗಿ ಹೊಸತು ಬರುತ್ತಲೇ ಇರುತ್ತವೆ. ಬಾಲ್ಯದಲ್ಲಿ ಕಟ್ಟಿದ ಮನೆಯ ಕಂಬ ತೊಲೆಗಳನ್ನು ಮತ್ತೆ ಹಾಕಲಾಗದು. ಆದರೆ ಗಾರೆ, ಸುಣ್ಣ, ಬಣ್ಣಗಳ ದುರಸ್ತಿ ಮಾಡುತ್ತಿರಬಹುದು. ಕೋಶಗಳು ಭಾರದ ಗಂಟೆ ಕೇಳಿ ಮಾಡುವ ದಿನನಿತ್ಯದ ಕೆಲಸ ಈ ದುರಸ್ತಿಯೇ ಆಗಿದೆ. ಗಂಟೆ ಬಾರಿಸದಿದ್ದರೆ ದುರಸ್ತಿ ನಿಲ್ಲುತ್ತದೆ. ಗಂಟೆ ಅತಿಯಾಗಿ ಬಾರಿಸಿದರೆ ಮನೆ ಕೆಡವುವ ಕಿಣ್ವಗಳು ಹೊರಬರುತ್ತವೆ, ಕೋಶಗಳೇ ಸಾಯತೊಡಗುತ್ತವೆ.

ಕಿವಿ ಚುರುಕಾದಾಗಿನ ಸಂಕಟ

ಸಂಧಿವಾತ ಆರಂಭವಾದ ಕೀಲಿನಲ್ಲಿ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ. ಈ ನಡುವೆ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ತೆರಳಿದ್ದ ಗಿಲಾಕ್ ಮತ್ತು ಅವರ ಸಹಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉರಿಯೂತವನ್ನುಂಟುಮಾಡುವ ಇಂಟರ್‌ಲ್ಯೂಕಿನ್-1 ಎಂಬ ಅಣುವಿನ ಸಂಪರ್ಕಕ್ಕೆ ಬಂದ ಮೃದ್ವಸ್ಥಿ ಕೋಶಗಳು ಹೆಚ್ಚು ಪೀಜೊ1 ಬಾಗಿಲುಗಳನ್ನು ತಯಾರಿಸುತ್ತವೆ. ಪರಿಣಾಮವಾಗಿ, ಮೊದಲು ನಿರಪಾಯವಾಗಿದ್ದ ಭಾರಕ್ಕೂ ಅವು ಅತಿಯಾಗಿ ಸ್ಪಂದಿಸುತ್ತವೆ. ಉರಿಯೂತದಿಂದ ಸೂಕ್ಷ್ಮತೆ, ಸೂಕ್ಷ್ಮತೆಯಿಂದ ಹಾನಿ, ಹಾನಿಯಿಂದ ಮತ್ತೆ ಉರಿಯೂತ ಎಂಬ ವಿಷವರ್ತುಲವನ್ನು ಇದು ಸೂಚಿಸುತ್ತದೆ.

ಆದರೂ ಪೀಜೊವೊಂದನ್ನೇ ಖಳನಾಯಕನೆಂದು ಘೋಷಿಸುವುದು ಅವಸರವಾದೀತು. ಇಲಿಗಳ ಮೃದ್ವಸ್ಥಿಯಿಂದ ಪೀಜೊ ಬಾಗಿಲುಗಳನ್ನು ತೆಗೆದುಹಾಕಿ ನಡೆಸಿದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಂಧಿವಾತದ ಬೆಳವಣಿಗೆಯ ಮೇಲೆ ಅವುಗಳ ಪಾತ್ರ ಸೀಮಿತವೆಂದು ಕಂಡಿತು. ಟಿಆರ್‌ಪಿವಿ4 ಇಲ್ಲದ ಮೃದ್ವಸ್ಥಿಯ ಇಲಿಗಳಲ್ಲಿ ವಯಸ್ಸಿನಿಂದ ಬರುವ ಸಂಧಿವಾತ ಕಡಿಮೆಯಾಯಿತಾದರೂ, ಗಾಯದಿಂದ ಬರುವ ಸಂಧಿವಾತ ಕಡಿಮೆಯಾಗಲಿಲ್ಲ ಎಂದು 2016ರ ವರದಿ ಹೇಳಿತ್ತು. ಹಲವು ಕಿವಿಗಳುಳ್ಳ ಕೋಶದ ಒಂದು ಕಿವಿ ಮುಚ್ಚಿದರೆ ಸಾಲದು ಎಂಬ ಪಾಠ ಇದರಲ್ಲಿದೆ.

ಪ್ರಯೋಗಾಲಯದಿಂದ ಚಿಕಿತ್ಸೆಯತ್ತ

ರೋಗಿಯದೇ ಮೃದ್ವಸ್ಥಿ ಕೋಶಗಳನ್ನು ತೆಗೆದು, ಹೊರಗೆ ಬೆಳೆಸಿ, ಮಂಡಿಯ ಗಾಯದ ಜಾಗಕ್ಕೆ ಮರಳಿ ಹಾಕುವ ಚಿಕಿತ್ಸೆಯ ಮೊದಲ ಫಲಿತಾಂಶಗಳನ್ನು ಸ್ವೀಡನ್ನಿನ ಮ್ಯಾಟ್ಸ್ ಬ್ರಿಟ್‌ಬರ್ಗ್ ಮತ್ತು ಲಾರ್ಸ್ ಪೀಟರ್ಸನ್ ಅವರ ತಂಡ 1994ರಲ್ಲಿ 23 ರೋಗಿಗಳ ಅನುಭವದೊಂದಿಗೆ ಪ್ರಕಟಿಸಿತು. ಇಲ್ಲಿಯೂ ಕೋಶದ ಸ್ಪರ್ಶಜ್ಞಾನ ಎದುರಾಗುತ್ತದೆ. ಗಟ್ಟಿಯಾದ ಚಪ್ಪಟೆ ಪ್ಲಾಸ್ಟಿಕ್ ತಟ್ಟೆಯ ಮೇಲೆ ಬೆಳೆಸಿದ ಮೃದ್ವಸ್ಥಿ ಕೋಶಗಳು ಕ್ರಮೇಣ ತಮ್ಮ ಗುಣವನ್ನೇ ಮರೆತು, ಕೀಲಿಗೆ ಬೇಕಾದ ಬಗೆಯ ಕೊಲ್ಯಾಜೆನ್ ತಯಾರಿಸುವುದನ್ನು ಬಿಡುತ್ತವೆ. ಮೃದುವಾದ ಜೆಲ್‌ನೊಳಗೆ ಇಟ್ಟರೆ ಅವುಗಳಿಗೆ ಆ ನೆನಪು ಮರಳುತ್ತದೆ.

ಔಷಧದ ಮೂಲಕ ಮೃದ್ವಸ್ಥಿಯನ್ನು ದಪ್ಪಗೊಳಿಸುವ ಯತ್ನವೂ ನಡೆದಿದೆ. ಎಫ್‌ಜಿಎಫ್‌18 ಎಂಬ ಬೆಳವಣಿಗೆಯ ಅಂಶದಿಂದ ರೂಪಿಸಿದ ಚುಚ್ಚುಮದ್ದನ್ನು 549 ರೋಗಿಗಳ ಪರೀಕ್ಷೆಯಲ್ಲಿ ಬಳಸಿದಾಗ ಎರಡು ವರ್ಷಗಳಲ್ಲಿ ಮೃದ್ವಸ್ಥಿಯ ದಪ್ಪ ಅಲ್ಪ ಪ್ರಮಾಣದಲ್ಲಿ ಹೆಚ್ಚಿತು. ಆದರೆ ನೋವು ಮತ್ತು ಚಲನೆಯ ವಿಷಯದಲ್ಲಿ ನಕಲಿ ಚುಚ್ಚುಮದ್ದು ಪಡೆದವರಿಗಿಂತ ಗಮನಾರ್ಹ ಲಾಭ ಕಾಣಲಿಲ್ಲ ಎಂದು 2019ರ ವರದಿ ತಿಳಿಸಿತು. ಇನ್ನೊಂದೆಡೆ, 2021ರಲ್ಲಿ ಗಿಲಾಕ್ ಅವರ ಬಳಗ ಟಿಆರ್‌ಪಿವಿ4 ಬಾಗಿಲಿನ ಕ್ಯಾಲ್ಸಿಯಂ ಗಂಟೆಯನ್ನೇ ಬಳಸಿಕೊಂಡು, ಭಾರ ಬಿದ್ದಾಗ ತಾನಾಗಿ ಉರಿಯೂತ ನಿವಾರಕ ಪ್ರೋಟೀನ್ ತಯಾರಿಸುವ ಕೃತಕ ಮೃದ್ವಸ್ಥಿಯನ್ನು ಪ್ರಯೋಗಾಲಯದಲ್ಲಿ ರೂಪಿಸಿ ತೋರಿಸಿತು.

ನಮ್ಮ ಮಂಡಿಗೆ ಇದರ ಅರ್ಥವೇನು?

ಪ್ರಶ್ನೆ ಸಣ್ಣದಲ್ಲ. 2019ರಲ್ಲಿ ವಿಶ್ವದಾದ್ಯಂತ 52.8 ಕೋಟಿ ಜನ ಸವೆತದ ಸಂಧಿವಾತದಿಂದ ಬಳಲುತ್ತಿದ್ದರು, ಅವರಲ್ಲಿ 36.5 ಕೋಟಿ ಜನರದು ಮಂಡಿಯ ಸಮಸ್ಯೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರು ಸೇರಿದಂತೆ ದೇಶದ ಐದು ಕಡೆ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಪರೀಕ್ಷೆಗೊಳಗಾದವರ ಪೈಕಿ ಶೇ. 28.7ರಷ್ಟು ಮಂದಿಯಲ್ಲಿ ಮಂಡಿಯ ಸಂಧಿವಾತ ಕಂಡುಬಂದಿತ್ತು.

ಮೊದಲನೆಯದಾಗಿ, ಚಲನೆ ಶತ್ರುವಲ್ಲ. ಸ್ವೀಡನ್ನಿನಲ್ಲಿ ಮಂಡಿಯ ಮೆನಿಸ್ಕಸ್ ಗಾದಿಯ ಒಂದಂಶವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡಿದ್ದ, ಹೀಗಾಗಿ ಸಂಧಿವಾತದ ಅಪಾಯ ಎದುರಿಸುತ್ತಿದ್ದ 45 ಮಂದಿಯ ಮೇಲೆ ಅಧ್ಯಯನ ನಡೆಯಿತು. ಅವರಲ್ಲಿ ವಾರಕ್ಕೆ ಮೂರು ಬಾರಿಯಂತೆ ನಾಲ್ಕು ತಿಂಗಳು ವ್ಯಾಯಾಮ ಮಾಡಿದವರ ಮೃದ್ವಸ್ಥಿಯಲ್ಲಿ, ನೀರು ಹಿಡಿದಿಡುವ ಅಣುಗಳ ಪ್ರಮಾಣ ಸುಧಾರಿಸಿದ್ದನ್ನು ಎಂಆರ್‌ಐ ತೋರಿಸಿತು. 2005ರಲ್ಲಿ ಪ್ರಕಟವಾದ ಈ ಫಲಿತಾಂಶ, ಮೇಲೆ ಹೇಳಿದ ದುರಸ್ತಿಯ ಕೆಲಸ ಮನುಷ್ಯರಲ್ಲಿಯೂ ನಡೆಯುತ್ತದೆ ಎಂಬುದಕ್ಕೆ ಪುಷ್ಟಿ ನೀಡುತ್ತದೆ.

ಎರಡನೆಯದಾಗಿ, ಅತಿಯೂ ಹಿತವಲ್ಲ. ಓಟಗಾರರನ್ನು ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಹವ್ಯಾಸಕ್ಕಾಗಿ ಓಡುವವರಲ್ಲಿ ಸೊಂಟ ಮತ್ತು ಮಂಡಿಯ ಸಂಧಿವಾತ ಶೇ. 3.5ರಷ್ಟಿತ್ತು. ಓಡದೆ ಕುಳಿತೇ ಇರುವವರಲ್ಲಿ ಶೇ. 10.2, ಸ್ಪರ್ಧಾತ್ಮಕ ಓಟಗಾರರಲ್ಲಿ ಶೇ. 13.3. ಹವ್ಯಾಸಿ ಓಟಗಾರರು ಮೊದಲೇ ಆರೋಗ್ಯವಂತರಾಗಿರಬಹುದಾದ್ದರಿಂದ ಈ ಅಂಕಿಗಳನ್ನು ಓಟದ ಫಲವೆಂದಷ್ಟೇ ಓದಲಾಗದು. ಆದರೂ ಹಿತಮಿತವಾದ ಓಟ ಮಂಡಿಯನ್ನು ತಿಂದುಹಾಕುತ್ತದೆ ಎಂಬ ಭಯಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ.

ಮೂರನೆಯದಾಗಿ, ದೇಹತೂಕ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ತಂಡ 2005ರಲ್ಲಿ ಹೇಳಿದಂತೆ, ಮಂಡಿಯ ಸಂಧಿವಾತವಿರುವ ಸ್ಥೂಲಕಾಯರು ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ತಗ್ಗುತ್ತದೆ. ದಿನಕ್ಕೆ ಐದು ಸಾವಿರ ಹೆಜ್ಜೆ ನಡೆಯುವವರ ಲೆಕ್ಕದಲ್ಲಿ ಇದು ಎಷ್ಟು ದೊಡ್ಡ ಉಳಿತಾಯ ಎಂಬುದನ್ನು ಓದುಗರೇ ಗುಣಿಸಿಕೊಳ್ಳಬಹುದು.

ಇದರರ್ಥ ನೋವನ್ನು ಲೆಕ್ಕಿಸದೆ ನಡೆಯಬೇಕೆಂದಲ್ಲ. ಮಂಡಿ ಊದಿಕೊಂಡಿದ್ದರೆ, ಬಿಸಿಯಾಗಿದ್ದರೆ, ನಡೆಯುವಾಗ ಸಿಕ್ಕಿಹಾಕಿಕೊಂಡಂತಾದರೆ ಅಥವಾ ಬಿದ್ದು ಪೆಟ್ಟಾಗಿದ್ದರೆ ಮೂಳೆ ವೈದ್ಯರನ್ನು ಕಾಣುವುದು ಅವಶ್ಯ. ಉರಿಯೂತವಿರುವ ಕೀಲಿನ ಕೋಶಗಳು ಸಾಮಾನ್ಯ ಭಾರವನ್ನೂ ಅಪಾಯವೆಂದು ಓದಬಲ್ಲವು ಎಂಬುದನ್ನು ಮರೆಯುವಂತಿಲ್ಲ. ಎಷ್ಟು ನಡೆಯಬೇಕು, ಯಾವ ವ್ಯಾಯಾಮ ಮಾಡಬೇಕು ಎಂಬುದನ್ನು ವೈದ್ಯರು ಮತ್ತು ಫಿಸಿಯೋಥೆರಪಿಸ್ಟ್‌ಗಳ ಸಲಹೆಯಂತೆ ನಿರ್ಧರಿಸುವುದೇ ಸೂಕ್ತ.

ಆದರೆ ‘ಸವೆದಿದೆ, ನಡೆಯಬೇಡಿ’ ಎಂಬ ಮಾತನ್ನು ಮುಂದಿನ ಬಾರಿ ಕೇಳಿದಾಗ ಒಂದು ಮರುಪ್ರಶ್ನೆ ಕೇಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ನಡೆಯದಿದ್ದರೆ, ದುರಸ್ತಿ ಮಾಡಬೇಕಾದ ಕೋಶಗಳಿಗೆ ಕೆಲಸದ ವೇಳೆಯಾಯಿತೆಂದು ತಿಳಿಸುವವರು ಯಾರು?